ಡಂಗುರ ಸಾರುವ ಮುನ್ನ: ಕಾಣೆಯಾದ ಮೂಲನಿವಾಸಿಗಳು ಮತ್ತು ಅಮೆರಿಕದ ಎಚ್ಚರಿಕೆ ವ್ಯವಸ್ಥೆಗಳು

ಅಮೆರಿಕದಲ್ಲಿ ನೆಲೆಸಿದ ಭಾರತೀಯರಾದ ನಮ್ಮನ್ನು ಈ ದೇಶದಲ್ಲಿ ಕರೆಯುವ ‘ಇಂಡಿಯನ್’ ಎಂಬ ಹೆಸರಿನಿಂದಲೇ ಮಾತು ಆರಂಭಿಸುತ್ತೇನೆ. 2018ರಲ್ಲಿ ಇದೇ ಸಿಯಾಟಲ್ ನಗರದ ಅರ್ಬನ್ ಇಂಡಿಯನ್ ಹೆಲ್ತ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯು ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳ ಬಗ್ಗೆ ಒಂದು ವರದಿಯನ್ನು ಪ್ರಕಟಿಸಿತು. ಅದಕ್ಕಾಗಿ 71 ನಗರಗಳ ಪೊಲೀಸ್ ದಾಖಲೆಗಳನ್ನು ಕೇಳಲಾಗಿತ್ತು. ಬಂದ ಪಟ್ಟಿಗಳಲ್ಲಿ ಕೆಲವನ್ನು ಬಿಡಿಸಿ ನೋಡಿದಾಗ ಅಲ್ಲಿ ಸಿಂಗ್ ಎಂಬಂಥ ಹೆಸರುಗಳು ಕಾಣಿಸಿಕೊಂಡವು. ನಮೂನೆಯ ಕಾಲಂನಲ್ಲಿ ‘ಇಂಡಿಯನ್’ ಎಂದಷ್ಟೇ ಇದ್ದುದರಿಂದ, ವಿಮಾನವೇರಿ ಭಾರತದಿಂದ ಬಂದವರೂ ಸಾವಿರಾರು ವರ್ಷಗಳಿಂದ ಇಲ್ಲಿಯೇ ಬದುಕಿದವರೂ ಒಂದೇ ಸಾಲಿನಲ್ಲಿ ಕುಳಿತುಬಿಟ್ಟಿದ್ದರು. ನ್ಯೂ ಮೆಕ್ಸಿಕೊದ ಸಾಂಟಾ ಫೆಯಿಂದ ಬಂದ ಉತ್ತರ ಬೇರೆಯ ಬಗೆಯದು: ವಸಾಹತು ಕಾಲದಲ್ಲಿ ಅನೇಕ ಮೂಲನಿವಾಸಿಗಳು ಸ್ಪ್ಯಾನಿಷ್ ಹೆಸರುಗಳನ್ನು ಇಟ್ಟುಕೊಂಡಿದ್ದರಿಂದ ಅವರನ್ನು ಬೇರ್ಪಡಿಸಿ ತೆಗೆಯುವುದು ತಮ್ಮ ಗಣಕ ವ್ಯವಸ್ಥೆಗೆ ಸಾಧ್ಯವಿಲ್ಲವೆಂದು ಅಲ್ಲಿಯವರು ತಿಳಿಸಿದರು. ಸಿಯಾಟಲ್‌ನ ಹಳೆಯ ಕಡತಗಳಲ್ಲಿದ್ದ ‘ಎನ್’ ಎಂಬ ಒಂದಕ್ಷರವು ‘ನೀಗ್ರೊ’ ಎಂಬುದರ ಸಂಕೇತವಾಗಿದ್ದು, ಇಂದಿನವರು ಅದನ್ನು ‘ನೇಟಿವ್’ ಎಂದು ಓದುವುದಕ್ಕೆ ಎಡೆಯಾಗಿ, ಹಳೆಯ ಪ್ರಕರಣಗಳ ಎಣಿಕೆಯೇ ಕಲಸಿಹೋಯಿತು.

ಆ ವರದಿಯ ಎರಡು ಸಂಖ್ಯೆಗಳನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. 2016ರಲ್ಲಿ ಮೂಲನಿವಾಸಿ ಹೆಂಗಸರು ಮತ್ತು ಹುಡುಗಿಯರು ಕಾಣೆಯಾದರೆಂದು ಅಮೆರಿಕದ ರಾಷ್ಟ್ರೀಯ ಅಪರಾಧ ಮಾಹಿತಿ ಕೇಂದ್ರಕ್ಕೆ ಬಂದ ದೂರುಗಳು 5,712. ನ್ಯಾಯ ಇಲಾಖೆಯ ಕಾಣೆಯಾದವರ ದತ್ತಾಂಶ ಸಂಗ್ರಹದಲ್ಲಿ ದಾಖಲಾದವು 116. ಸಂಸ್ಥೆಯ ನಿರ್ದೇಶಕಿ, ಪಾನಿ ಬುಡಕಟ್ಟಿನ ಅಬಿಗೇಲ್ ಎಕೋ-ಹಾಕ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಮುಖ್ಯ ಕೆಲಸವೆಂದರೆ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದ್ದು. ಎಚ್ಚರಿಕೆ ವ್ಯವಸ್ಥೆಗಳ ಬಗ್ಗೆ ಮಾತನಾಡಲು ಬಂದವನು ಕಾಲಂಗಳ ಬಗ್ಗೆ ಏಕೆ ಹೇಳುತ್ತಿದ್ದಾನೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ಸದ್ದು ಮಾಡುವ ಸಂದೇಶ, ಹೆದ್ದಾರಿಯ ಮೇಲೆ ಹೊಳೆಯುವ ಫಲಕ, ರೇಡಿಯೊ ಪ್ರಕಟಣೆ ಇವೆಲ್ಲವೂ ಡಂಗುರದ ಹೊಸ ರೂಪಗಳು; ಆದರೆ ಡಂಗುರ ಸಾರು ಎಂದು ಯಾರೋ ಒಬ್ಬರು ಅಪ್ಪಣೆ ಕೊಡಬೇಕು, ಆ ಅಪ್ಪಣೆಗೆ ಮೊದಲು ಠಾಣೆಯ ಮೇಜಿನ ಮೇಲೆ ಒಂದು ನಮೂನೆ ಸರಿಯಾಗಿ ತುಂಬಿರಬೇಕು.

ಪದಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ರೆಡ್ ಇಂಡಿಯನ್’ ಎಂಬ ಹೆಸರನ್ನು ನಾವೆಲ್ಲ ಶಾಲೆಯ ದಿನಗಳಿಂದ ಯಾವ ಅಳುಕೂ ಇಲ್ಲದೆ ಬಳಸಿಕೊಂಡು ಬಂದಿದ್ದೇವೆ. ಅದನ್ನು ಬಿಡುವ ಕಾಲ ಎಂದೋ ಬಂದಿದೆ. ನಾನು ಮೂಲನಿವಾಸಿ ಎನ್ನುತ್ತೇನೆ, ಸಾಧ್ಯವಾದ ಕಡೆ ಆಯಾ ಬುಡಕಟ್ಟಿನ ಹೆಸರನ್ನೇ ಹೇಳುತ್ತೇನೆ. ‘ರಿಸರ್ವೇಶನ್’ ಎಂದೊಡನೆ ನಮ್ಮ ಕಿವಿಗೆ ರೈಲಿನ ಸೀಟು ಅಥವಾ ಉದ್ಯೋಗ ಮೀಸಲಾತಿ ಕೇಳಿಸುತ್ತದೆ. ಇಲ್ಲಿ ಅದು ನೆಲ: ಒಪ್ಪಂದಗಳ ಮೂಲಕ ಬುಡಕಟ್ಟಿಗೆ ಉಳಿದ, ತನ್ನದೇ ಸರ್ಕಾರ, ನ್ಯಾಯಾಲಯ, ಅನೇಕ ಕಡೆ ತನ್ನದೇ ಪೊಲೀಸರು ಇರುವ ನೆಲ. ಒಕ್ಕೂಟ ಸರ್ಕಾರದ ಮಾನ್ಯತೆ ಪಡೆದ 570ಕ್ಕೂ ಹೆಚ್ಚು ಬುಡಕಟ್ಟುಗಳಲ್ಲಿ 29 ನಾವು ವಾಸಿಸುವ ವಾಷಿಂಗ್ಟನ್ ರಾಜ್ಯದಲ್ಲಿಯೇ ಇವೆ.

ನಮ್ಮೂರಿನ ಪತ್ರಿಕೆಗಳ ಒಳಪುಟದಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಯನ್ನು ನೀವು ಓದಿಯೇ ಇರುತ್ತೀರಿ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ತೊಟ್ಟಿದ್ದ ನೀಲಿ ಬಣ್ಣದ ಚೂಡಿದಾರ್, ಕನ್ನಡ ಮತ್ತು ತೆಲುಗು ಮಾತನಾಡುತ್ತಾರೆ, ಸುಳಿವು ಸಿಕ್ಕಲ್ಲಿ ಠಾಣೆಗೆ ತಿಳಿಸುವುದು. ಚಹರೆ ಪಟ್ಟಿಯ ಈ ಭಾಷೆ ಎಷ್ಟು ಸವೆದಿದೆಯೆಂದರೆ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅಮೆರಿಕದಲ್ಲಿ ಈ ಪ್ರಕಟಣೆ ಒಳಪುಟವನ್ನು ಬಿಟ್ಟು ಹೊರಗೆ ಬಂದದ್ದು 1996ರಲ್ಲಿ, ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳ ಅಪಹರಣ ಮತ್ತು ಕೊಲೆಯ ನಂತರ. ಡಲ್ಲಾಸ್ ಪ್ರದೇಶದ ರೇಡಿಯೊ ಕೇಂದ್ರಗಳೂ ಪೊಲೀಸರೂ ಸೇರಿ ರೂಪಿಸಿದ ಆ ಕ್ರಮವೇ ಆಂಬರ್ ಅಲರ್ಟ್ ಎಂದು ದೇಶದ ಉದ್ದಗಲಕ್ಕೆ ಹರಡಿತು. ಅದರ ಬಲವಿರುವುದು ಅದರ ಬಿಗಿಯಲ್ಲಿ: ಕಾಣೆಯಾದವರು 17 ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಾಗಿರಬೇಕು, ಅಪಹರಣವಾಗಿದೆ ಎಂದು ಪೊಲೀಸರು ನಂಬಬೇಕು, ಜೀವಕ್ಕೆ ಅಪಾಯವಿರಬೇಕು, ಜನರು ಗುರುತಿಸಬಲ್ಲಷ್ಟು ವಿವರ ಕೈಯಲ್ಲಿರಬೇಕು. ನಂತರ ಮರೆವಿನ ಕಾಯಿಲೆಯುಳ್ಳ ಹಿರಿಯರಿಗಾಗಿ ಸಿಲ್ವರ್ ಅಲರ್ಟ್ ಬಂದಿತು. ನಡುವಯಸ್ಸಿನವರಿಗೆ ಏನೂ ಇರಲಿಲ್ಲ. 18ರಿಂದ 64 ವರ್ಷದವರಿಗಾಗಿ ಆಶಾಂಟಿ ಅಲರ್ಟ್ ಎಂಬ ರಾಷ್ಟ್ರೀಯ ಜಾಲವನ್ನು ಕಟ್ಟಲು ಕಾಯ್ದೆಯಾದದ್ದು 2018ರ ಕೊನೆಯ ದಿನ, ಮತ್ತು ಅದನ್ನು ಜಾರಿಗೆ ತರುವುದು ಬಿಡುವುದು ರಾಜ್ಯಗಳ ಇಚ್ಛೆಗೆ ಸೇರಿದೆ.

ಈ ಎಲ್ಲ ಮೆಟ್ಟಿಲುಗಳಲ್ಲಿ ಮೂಲನಿವಾಸಿ ಕುಟುಂಬವು ಜಾರುವ ಜಾಗ ‘ಅಪಹರಣವಾಗಿದೆ ಎಂದು ಪೊಲೀಸರು ನಂಬಬೇಕು’ ಎಂಬುದು. ಹದಿನಾಲ್ಕರ ಹುಡುಗಿ ರಾತ್ರಿ ಮನೆಗೆ ಬರಲಿಲ್ಲವೆಂದರೆ ‘ಓಡಿಹೋಗಿದ್ದಾಳೆ’ ಎಂದು ಬರೆದುಕೊಳ್ಳುವುದು ಸುಲಭ. ಮೂವತ್ತರ ಹೆಂಗಸಾದರೆ ‘ವಯಸ್ಕಳು, ತನ್ನಿಷ್ಟದಂತೆ ಹೋಗಿರಬಹುದು’ ಎಂಬ ಮಾತು ಸಿದ್ಧವಾಗಿರುತ್ತದೆ. ಆ ಮಾತಿನೊಳಗೆ ಕುಡಿತದ ಬಗ್ಗೆ, ಬಡತನದ ಬಗ್ಗೆ, ಆ ಜನರ ಬಗ್ಗೆ ಮೊದಲೇ ಕಟ್ಟಿಕೊಂಡ ಅಭಿಪ್ರಾಯಗಳು ಅಡಗಿರುತ್ತವೆಂದು ಕುಟುಂಬಗಳು ದಶಕಗಳಿಂದ ಹೇಳುತ್ತಾ ಬಂದಿವೆ. ಒಂದು ಅಧ್ಯಯನದ ಪ್ರಕಾರ ವಯೋಮಿಂಗ್ ರಾಜ್ಯದಲ್ಲಿ 2011ರಿಂದ 2020ರವರೆಗೆ 710 ಮೂಲನಿವಾಸಿಗಳು ಕಾಣೆಯಾದ ದೂರುಗಳು ದಾಖಲಾಗಿದ್ದವು. ಅವರಲ್ಲಿ ಬಹುಪಾಲು ಮಕ್ಕಳು. ಕೊಲೆಯಾದ ಮೂಲನಿವಾಸಿಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದವರು 30 ಶೇಕಡಾ, ಬಿಳಿಯರಲ್ಲಿ 51 ಶೇಕಡಾ ಎಂದೂ ಅದೇ ಅಧ್ಯಯನ ಹೇಳಿತು.

2016ರ ಮೇ 2ರಂದು, ನವಾಹೊ ಬುಡಕಟ್ಟಿನ ನೆಲವಾದ ನವಾಹೊ ರಾಷ್ಟ್ರದ ಶಿಪ್‌ರಾಕ್ ಬಳಿ ಶಾಲಾ ಬಸ್ಸಿನಿಂದ ಇಳಿದ ಅಕ್ಕ ತಮ್ಮ ಇಬ್ಬರನ್ನು ಒಬ್ಬ ವ್ಯಾನಿನಲ್ಲಿ ಹತ್ತಿಸಿಕೊಂಡು ಹೋದನು. ತಮ್ಮ ತಪ್ಪಿಸಿಕೊಂಡು ಬಂದನು. ಹನ್ನೊಂದು ವರ್ಷದ ಅಕ್ಕನಿಗಾಗಿ ಆಂಬರ್ ಅಲರ್ಟ್ ಹೊರಟದ್ದು ಮಾರನೆಯ ದಿನ ನಸುಕಿನಲ್ಲಿ. ಅದೇ ದಿನ ಆಕೆಯ ಶವ ಸಿಕ್ಕಿತು. ಇದು ಆಂಬರ್‌ನ ಪ್ರತಿಯೊಂದು ನಿಯಮಕ್ಕೂ ಒಪ್ಪುವ ಪ್ರಕರಣವಾಗಿತ್ತು: ಮಗು, ಅಪಹರಣ, ಪ್ರತ್ಯಕ್ಷಸಾಕ್ಷಿ. ತಡವಾದದ್ದು ಕೈ ಬದಲಾಯಿಸುವುದರಲ್ಲಿ. ಬುಡಕಟ್ಟಿನ ಪೊಲೀಸರು, ಎಫ್‌ಬಿಐ, ರಾಜ್ಯದ ಪೊಲೀಸರು ಹೀಗೆ ಕೋರಿಕೆಯು ದಾಟಬೇಕಾದ ಬಾಗಿಲುಗಳು ಹಲವು. ಅಲರ್ಟ್ ಹೊರಡಿಸಲು ಒತ್ತುವ ಗುಂಡಿ ಇದ್ದದ್ದು ರಾಜ್ಯದ ಕೈಯಲ್ಲಿ. ನವಾಹೊ ರಾಷ್ಟ್ರವು ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ಎಂಬ ಮೂರು ರಾಜ್ಯಗಳ ಮೇಲೆ ಹರಡಿದೆ. ವಿಸ್ತೀರ್ಣ ಸುಮಾರು 70,000 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಷ್ಟು ದೊಡ್ಡ ನಾಡಿಗೆ ತನ್ನದೇ ಡಂಗುರ ಇರಲಿಲ್ಲ. ಬುಡಕಟ್ಟುಗಳು ತಾವೇ ಆಂಬರ್ ವ್ಯವಸ್ಥೆಯನ್ನು ಕಟ್ಟಿಕೊಳ್ಳಲು ನೆರವು ನೀಡುವ ಕಾಯ್ದೆ 2018ರ ಏಪ್ರಿಲ್‌ನಲ್ಲಿ ಬಂದಿತು.

ಅಧಿಕಾರದ ಈ ಗೋಜಲಿಗೆ ನಮ್ಮ ಮನೆಗಳಿಂದ ಬಹಳ ದೂರವಿಲ್ಲದ ಒಂದು ಊರಿನ ಹೆಸರು ಅಂಟಿಕೊಂಡಿದೆ. ಸಿಯಾಟಲ್‌ನಿಂದ ಫೆರಿ ಹತ್ತಿ ಬೇನ್‌ಬ್ರಿಡ್ಜ್ ದ್ವೀಪದಲ್ಲಿ ಇಳಿದು, ಅಗೇಟ್ ಪಾಸ್ ಸೇತುವೆಯನ್ನು ದಾಟಿದರೆ ಸುಕ್ವಾಮಿಶ್ ಸಿಗುತ್ತದೆ. ಈ ನಗರಕ್ಕೆ ತನ್ನ ಹೆಸರು ಕೊಟ್ಟ ನಾಯಕ ಸಿಯಾಟಲ್‌ನ ಸಮಾಧಿ ಅಲ್ಲಿದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ನಿಮ್ಮಲ್ಲಿ ಕೆಲವರು ಕರೆದೊಯ್ದಿರಲೂಬಹುದು. 1973ರಲ್ಲಿ ಅಲ್ಲಿಯ ವಾರ್ಷಿಕ ಉತ್ಸವದ ಸಮಯದಲ್ಲಿ ಬುಡಕಟ್ಟಿನ ಪೊಲೀಸರು ಬಿಳಿಯನೊಬ್ಬನನ್ನು ಬಂಧಿಸಿದರು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಮೂಲನಿವಾಸಿಯಲ್ಲದವನನ್ನು ಕ್ರಿಮಿನಲ್ ಅಪರಾಧಕ್ಕಾಗಿ ವಿಚಾರಣೆಗೆ ಒಳಪಡಿಸುವ ಅಧಿಕಾರ ಬುಡಕಟ್ಟಿನ ನ್ಯಾಯಾಲಯಕ್ಕೆ ಇಲ್ಲವೆಂದು 1978ರಲ್ಲಿ ತೀರ್ಪಾಯಿತು. ಮಹಿಳೆಯರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 2013 ಮತ್ತು 2022ರ ನವೀಕರಣಗಳು ಕೆಲವು ಅಪರಾಧಗಳ ಮಟ್ಟಿಗೆ ಆ ಅಧಿಕಾರವನ್ನು ಮರಳಿ ಕೊಟ್ಟಿವೆ. ಆದರೂ ಒಬ್ಬಳು ಕಾಣೆಯಾದಾಗ ಕೇಳಬೇಕಾದ ಪ್ರಶ್ನೆಗಳು ಹಾಗೆಯೇ ಉಳಿದಿವೆ: ಕೊನೆಯ ಬಾರಿ ಕಂಡ ಜಾಗ ಮೀಸಲು ಪ್ರದೇಶದ ಒಳಗೋ ಹೊರಗೋ? ಶಂಕಿತನು ಬುಡಕಟ್ಟಿನವನೋ ಅಲ್ಲವೋ? ಈ ಉತ್ತರಗಳ ಮೇಲೆ ಪ್ರಕರಣ ಯಾರ ಮೇಜಿಗೆ ಹೋಗಬೇಕೆಂಬುದು ನಿಂತಿದೆ, ಮತ್ತು ಕಾಣೆಯಾದ ಮೊದಲ ಗಂಟೆಗಳಲ್ಲಿ ಆ ಉತ್ತರಗಳು ಯಾರಿಗೂ ತಿಳಿದಿರುವುದಿಲ್ಲ.

ಇದೇ ಹಿನ್ನೆಲೆಯಲ್ಲಿ ವಾಷಿಂಗ್ಟನ್ ರಾಜ್ಯವು ಕಾಣೆಯಾದ ಮೂಲನಿವಾಸಿಗಳಿಗೆಂದೇ ದೇಶದ ಮೊದಲ ಎಚ್ಚರಿಕೆ ವ್ಯವಸ್ಥೆಯನ್ನು ಕಾಯ್ದೆಯ ಮೂಲಕ ತಂದಿತು. ಮಸೂದೆಯನ್ನು ಮಂಡಿಸಿದವರು ಟ್ಲಿಂಗಿಟ್ ಮೂಲದ ಶಾಸಕಿ ಡೆಬ್ರಾ ಲೆಕನಾಫ್. ಗವರ್ನರ್ ಜೇ ಇನ್‌ಸ್ಲಿ 2022ರ ಮಾರ್ಚ್ 31ರಂದು ಟುಲಾಲಿಪ್ ಬುಡಕಟ್ಟಿನ ನೆಲದಲ್ಲಿ ಅದಕ್ಕೆ ಸಹಿ ಹಾಕಿದರು. ಅದೇ ವರ್ಷದ ಜುಲೈ 1ರಿಂದ ವ್ಯವಸ್ಥೆ ಚಾಲನೆಗೆ ಬಂದಿತು. ಮೇರಿಸ್‌ವಿಲ್ ಪಕ್ಕದ ಮಳಿಗೆಗಳಿಗೆ ರಿಯಾಯಿತಿ ಮಾರಾಟಕ್ಕೆಂದು ನಾವು ಹೋಗುತ್ತೇವಲ್ಲ, ಆ ನೆಲವೇ ಟುಲಾಲಿಪ್.

ಕೆಲಸ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುಟುಂಬದವರು ಸ್ಥಳೀಯ ಅಥವಾ ಬುಡಕಟ್ಟಿನ ಪೊಲೀಸರಿಗೆ ದೂರು ಕೊಡುತ್ತಾರೆ. ಠಾಣೆಯವರು ಹೆಸರನ್ನು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸಿ, ಕಾಣೆಯಾದ ಸಂದರ್ಭ ಅನುಮಾನಾಸ್ಪದವಾಗಿದೆ ಅಥವಾ ವಯಸ್ಸು, ಆರೋಗ್ಯ, ಹವಾಮಾನದ ಕಾರಣದಿಂದ ವ್ಯಕ್ತಿ ಅಪಾಯದಲ್ಲಿದ್ದಾರೆ ಎಂದು ಮನಗಂಡರೆ ರಾಜ್ಯದ ಹೆದ್ದಾರಿ ಪೊಲೀಸ್ ಪಡೆಯಾದ ಸ್ಟೇಟ್ ಪಟ್ರೋಲ್‌ಗೆ ಕೋರಿಕೆ ಕಳುಹಿಸುತ್ತಾರೆ. ಅಲ್ಲಿಂದ ಇತರ ಪೊಲೀಸ್ ಇಲಾಖೆಗಳಿಗೆ, ಸುದ್ದಿಮಾಧ್ಯಮಗಳಿಗೆ, ಸಾಮಾಜಿಕ ಜಾಲತಾಣಗಳಿಗೆ ವಿವರ ಹೋಗುತ್ತದೆ. ಹೆದ್ದಾರಿಯ ಮಿನುಗು ಫಲಕಗಳನ್ನೂ ಬಳಸಬಹುದು. ಹಿಂದೆಯೂ ರಾಜ್ಯದಲ್ಲಿ ‘ಅಪಾಯದಲ್ಲಿರುವ ಕಾಣೆಯಾದ ವ್ಯಕ್ತಿ’ ಎಂಬ ಸಾಮಾನ್ಯ ಸೂಚನೆಯೊಂದು ಇತ್ತು. ಹೊಸ ಕಾಯ್ದೆಯು ಅದರೊಳಗೆ ಮೂಲನಿವಾಸಿಗಳಿಗೆಂದೇ ಒಂದು ವಿಭಾಗವನ್ನು ತೆರೆಯಿತು. ಹೆಚ್ಚೇನೂ ಬದಲಾಗಲಿಲ್ಲ ಎಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಈ ವಿಭಾಗಕ್ಕೆ ಕೋರಿಕೆ ಕಳುಹಿಸಬೇಕಾದರೆ ಕಾಣೆಯಾದವರು ಮೂಲನಿವಾಸಿಯೇ ಎಂದು ಠಾಣೆಯವರು ಕುಟುಂಬವನ್ನು ಕೇಳಲೇಬೇಕು. ಸಿಂಗ್ ಎಂಬವರನ್ನು ಇಂಡಿಯನ್ ಸಾಲಿಗೆ ಸೇರಿಸಿದ ಆ ಕಾಲಂ ಇಲ್ಲಿ ಒತ್ತಾಯದಿಂದ ಸರಿಯಾಗುತ್ತದೆ.

ಆದರೆ ಫೋನ್ ಕೂಗುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಾದ್ಯಂತ ಮೊಬೈಲುಗಳು ಏಕಕಾಲಕ್ಕೆ ಕಿರುಚಿಕೊಂಡ ಪ್ರಾಯೋಗಿಕ ಸಂದೇಶದ ಕಥೆಯನ್ನು ನಿಮ್ಮ ಮನೆಯವರು ಹೇಳಿರಬಹುದು. ಅಮೆರಿಕದಲ್ಲಿ ಅಂಥ ಸಂದೇಶ 2012ರಿಂದ ಇದೆ. ಆರಂಭದಲ್ಲಿ 90 ಅಕ್ಷರಗಳ ಮಿತಿಯಿತ್ತು, ಈಗ 360. ಆಂಬರ್ ಅಲರ್ಟ್ ಬಂದಾಗ ಮಧ್ಯರಾತ್ರಿ ಎಲ್ಲರನ್ನೂ ಎಬ್ಬಿಸುವುದು ಅದೇ ಸದ್ದು. ನಮ್ಮ ರಾಜ್ಯದ ಮೂಲನಿವಾಸಿ ಎಚ್ಚರಿಕೆಯು ರೂಪುಗೊಂಡಾಗ ಆ ದಾರಿಯನ್ನು ಬಳಸಲಿಲ್ಲ. ಹೆದ್ದಾರಿಯ ಫಲಕಕ್ಕೂ ಅದರದೇ ಮಿತಿಯಿದೆ: ಐ-5ರಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವವನು ಓದಬಲ್ಲದ್ದು ಕಾರಿನ ಬಣ್ಣ ಮತ್ತು ನಂಬರ್ ಮಾತ್ರ. ಕಾಣೆಯಾದವಳು ಬಸ್ ನಿಲ್ದಾಣದಿಂದ ನಡೆದುಕೊಂಡು ಹೊರಟಿದ್ದರೆ ಆ ಫಲಕದಲ್ಲಿ ಬರೆಯುವುದಾದರೂ ಏನನ್ನು?

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಫೆದರ್ ಅಲರ್ಟ್ ಎಂದು ಹೆಸರು. 2023ರ ಜನವರಿಯಿಂದ ಜಾರಿಯಲ್ಲಿದೆ. ಅದನ್ನು ರೂಪಿಸಿದವರು ಆ ರಾಜ್ಯದ ಶಾಸನಸಭೆಗೆ ಆಯ್ಕೆಯಾದ ಮೊದಲ ಕ್ಯಾಲಿಫೋರ್ನಿಯಾ ಮೂಲನಿವಾಸಿ ಜೇಮ್ಸ್ ರಾಮೋಸ್. ಉತ್ತರ ಕರಾವಳಿಯ ಯುರೋಕ್ ಬುಡಕಟ್ಟು ತನ್ನ ಹೆಣ್ಣುಮಕ್ಕಳು ಕಾಣೆಯಾಗುತ್ತಿರುವುದನ್ನು ಕಂಡು 2021ರ ಡಿಸೆಂಬರ್‌ನಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಿತ್ತು. ಅಲ್ಲಿ 1953ರ ಒಂದು ಒಕ್ಕೂಟ ಕಾಯ್ದೆಯಿಂದಾಗಿ ಮೀಸಲು ಪ್ರದೇಶದ ಅಪರಾಧಗಳೂ ರಾಜ್ಯದ ವ್ಯಾಪ್ತಿಗೆ ಬರುತ್ತವೆ. ಅನೇಕ ಬುಡಕಟ್ಟುಗಳಿಗೆ ಸ್ವಂತ ಪೊಲೀಸರಿಲ್ಲ, ಜಿಲ್ಲೆಯಂಥ ಕೌಂಟಿಯ ಪೊಲೀಸ್ ಅಧಿಕಾರಿಯಾದ ಶೆರಿಫ್ ಎಷ್ಟೋ ಮೈಲಿ ಆಚೆಯಿಂದ ಬರಬೇಕು. ಫೆದರ್ ಅಲರ್ಟ್‌ನ ಮೊದಲ ರೂಪದಲ್ಲಿ ಪೊಲೀಸ್ ಇಲಾಖೆಯೇ ಹೆದ್ದಾರಿ ಪಡೆಯನ್ನು ಕೋರಬೇಕಿತ್ತು, ಅದಕ್ಕೂ ಮುನ್ನ ಸ್ಥಳೀಯ ಮತ್ತು ಬುಡಕಟ್ಟಿನ ಸಂಪನ್ಮೂಲಗಳನ್ನು ಬಳಸಿ ನೋಡಿರಬೇಕಿತ್ತು. ಕೋರಿಕೆಗಳು ತಿರಸ್ಕೃತವಾದವು, ಏಕೆ ಎಂದು ಬುಡಕಟ್ಟುಗಳು ಕೇಳಿದವು. ರಾಮೋಸ್ 2024ರಲ್ಲಿ ತಂದ ತಿದ್ದುಪಡಿಯು ಬುಡಕಟ್ಟುಗಳು ಹೆದ್ದಾರಿ ಪಡೆಯೊಂದಿಗೆ ನೇರವಾಗಿ ಮಾತನಾಡುವುದಕ್ಕೆ ದಾರಿ ಮಾಡಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂದಿತು. ಎಚ್ಚರಿಕೆ ವ್ಯವಸ್ಥೆಗಳ ಚರ್ಚೆಯಲ್ಲಿ ಬಣ್ಣ, ಸದ್ದು, ತಂತ್ರಜ್ಞಾನಗಳೇ ಹೆಚ್ಚು ಕೇಳಿಬರುತ್ತವೆ. ನನ್ನ ಮಟ್ಟಿಗೆ ಇದುವರೆಗಿನ ಅತ್ಯಂತ ಮಹತ್ವದ ಬದಲಾವಣೆಯೆಂದರೆ ಬರಹದಲ್ಲಿ ಕಾರಣ ಕೊಡಬೇಕೆಂಬ ಈ ಸಪ್ಪೆಯಾದ ಷರತ್ತು. ‘ಓಡಿಹೋಗಿದ್ದಾಳೆ ಬಿಡಿ’ ಎಂದು ಬಾಯಲ್ಲಿ ಹೇಳುವುದು ಸುಲಭ. ಸಹಿ ಹಾಕಿ ಬರೆದುಕೊಡುವುದು ಕಷ್ಟ.

ಕೊಲೊರಾಡೊ 2022ರ ಡಿಸೆಂಬರ್ ಕೊನೆಯಲ್ಲಿ, ನ್ಯೂ ಮೆಕ್ಸಿಕೊ ಮತ್ತು ನಾರ್ತ್ ಡಕೋಟ 2025ರಲ್ಲಿ ಇದೇ ದಾರಿ ಹಿಡಿದವು. ಅರಿಜೋನಾದ ವಿಷಯ ಸ್ವಲ್ಪ ಬೇರೆ. 2025ರ ಜನವರಿಯಲ್ಲಿ ಮೇಸಾ ನಗರದ ಪಾಲನಾ ಕೇಂದ್ರವೊಂದರಿಂದ ಸ್ಯಾನ್ ಕಾರ್ಲೋಸ್ ಅಪಾಚೆ ಬುಡಕಟ್ಟಿನ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕಾಣೆಯಾಗಿ, ಫೆಬ್ರವರಿಯಲ್ಲಿ ಆಕೆಯ ಶವ ದೊರೆಯಿತು. ಆಂಬರ್ ಅಲರ್ಟ್ ಹೊರಟಿರಲಿಲ್ಲ. ಮೇ ತಿಂಗಳಲ್ಲಿ ಗವರ್ನರ್ ಕೇಟಿ ಹಾಬ್ಸ್ ಟರ್ಕಾಯ್ಸ್ ಅಲರ್ಟ್ ಮಸೂದೆಗೆ ಸಹಿ ಹಾಕಿದರು. ನೈಋತ್ಯದ ಬುಡಕಟ್ಟುಗಳ ಆಭರಣಗಳಲ್ಲಿ ಕಾಣುವ ಆ ಹಸಿರುನೀಲಿ ಕಲ್ಲಿನ ಹೆಸರನ್ನು ಇಟ್ಟುಕೊಂಡರೂ, ಆ ಕಾಯ್ದೆಯು 65 ವರ್ಷಕ್ಕಿಂತ ಕಡಿಮೆ ವಯಸ್ಸಿನ, ಅಪಾಯದಲ್ಲಿರುವ ಯಾರಿಗೆ ಬೇಕಾದರೂ ಅನ್ವಯಿಸುತ್ತದೆ. ಎಲ್ಲರಿಗೂ ತೆರೆದ ಬಾಗಿಲು ಒಳ್ಳೆಯದೇ. ಆದರೆ ಎಲ್ಲರಿಗೂ ತೆರೆದಿದ್ದ ಹಿಂದಿನ ಬಾಗಿಲುಗಳ ಮುಂದೆ ಯಾರು ಕಾಯುತ್ತಾ ನಿಂತರು ಎಂಬುದನ್ನು ನಾವೀಗ ನೋಡಿಯಾಗಿದೆ.

ರಾಷ್ಟ್ರಮಟ್ಟದಲ್ಲಿ ಒಂದು ಸಣ್ಣ, ಆದರೆ ಗಟ್ಟಿಯಾದ ಹೆಜ್ಜೆ 2024ರ ಆಗಸ್ಟ್‌ನಲ್ಲಿ ಬಂದಿತು. ಒಕ್ಕೂಟ ಸಂವಹನ ಆಯೋಗವು ತುರ್ತು ಪ್ರಸಾರ ವ್ಯವಸ್ಥೆಗೆ ‘ಎಂಇಪಿ’ ಎಂಬ ಹೊಸ ಸಂಕೇತವನ್ನು ಸೇರಿಸಿತು: ಕಾಣೆಯಾದ ಮತ್ತು ಅಪಾಯದಲ್ಲಿರುವ ವ್ಯಕ್ತಿಗಳು. ಆಂಬರ್‌ನ ನಿಯಮಕ್ಕೆ ಹೊರಗುಳಿದು 2023ರಲ್ಲಿ ಕಾಣೆಯಾದವರು 1,88,000ಕ್ಕೂ ಹೆಚ್ಚು ಎಂದು ಆಯೋಗವೇ ಹೇಳಿತು. ಮೂರಕ್ಷರದಿಂದ ಏನಾದೀತು ಎಂದರೆ, ಟಿವಿ ಮತ್ತು ರೇಡಿಯೊ ಕೇಂದ್ರಗಳ ಯಂತ್ರಗಳು ಅರ್ಥಮಾಡಿಕೊಳ್ಳುವುದು ಆ ಮೂರಕ್ಷರಗಳನ್ನೇ. ಸಂಕೇತವಿಲ್ಲದ ಆಪತ್ತು ಆ ಯಂತ್ರದ ಪಾಲಿಗೆ ಆಪತ್ತೇ ಅಲ್ಲ. ಇದಕ್ಕಾಗಿ ಪಟ್ಟು ಹಿಡಿದವರು ನೇಟಿವ್ ಪಬ್ಲಿಕ್ ಮೀಡಿಯಾ ಎಂಬ, ಬುಡಕಟ್ಟುಗಳ ರೇಡಿಯೊ ಕೇಂದ್ರಗಳ ಪರವಾಗಿ ದುಡಿಯುವ ಸಂಸ್ಥೆಯವರು. ರೇಡಿಯೊ ಹಳೆಯದಾಯಿತೆಂದು ನಾವು ತಿಳಿದಿದ್ದೇವೆ. ವಿಂಡೋ ರಾಕ್‌ನ ಕೆಟಿಎನ್ಎನ್ ಕೇಂದ್ರವು 660 ಎಎಂನಲ್ಲಿ 50,000 ವಾಟ್ ಬಲದಿಂದ ನವಾಹೊ ಭಾಷೆಯಲ್ಲಿ ಪ್ರಸಾರ ಮಾಡುತ್ತದೆ. ಮೊಬೈಲ್ ಸಂಕೇತ ಸಿಗದ ಕಣಿವೆಯಲ್ಲಿ ಕುರಿ ಮೇಯಿಸುವ ಅಜ್ಜಿಗೆ, ಅವರದೇ ಮಾತಿನಲ್ಲಿ, ಕಂದು ಬಣ್ಣದ ವ್ಯಾನೊಂದನ್ನು ನೋಡಿದ್ದೀರಾ ಎಂದು ಕೇಳಬಲ್ಲದ್ದು ಅದೊಂದೇ.

ಸಿಗ್ನಲ್ ಇಲ್ಲದ ಜಾಗ ಎಂದಾಗ ಕೆನಡಾದ ಮಾತು ಬರಲೇಬೇಕು. ನಮ್ಮ ಗಡಿಯಾಚೆಯ ಬ್ರಿಟಿಷ್ ಕೊಲಂಬಿಯಾದಲ್ಲಿ ಪ್ರಿನ್ಸ್ ಜಾರ್ಜ್‌ನಿಂದ ಪ್ರಿನ್ಸ್ ರೂಪರ್ಟ್‌ವರೆಗೆ ಹೋಗುವ 16ನೇ ಹೆದ್ದಾರಿ ಸುಮಾರು 720 ಕಿಲೋಮೀಟರ್ ಉದ್ದವಿದೆ. ಜನ ಅದನ್ನು ಕಣ್ಣೀರಿನ ಹೆದ್ದಾರಿ ಎನ್ನುತ್ತಾರೆ. ಹಲವು ದಶಕಗಳಿಂದ ಆ ದಾರಿಯಲ್ಲಿ ಕೈತೋರಿ ವಾಹನ ಹತ್ತಿದ ಮೂಲನಿವಾಸಿ ಹೆಣ್ಣುಮಕ್ಕಳು ಮನೆ ಸೇರಲಿಲ್ಲ. ಬಸ್ಸಿಲ್ಲದ್ದರಿಂದ ಕೈ ತೋರುತ್ತಿದ್ದರು. ಅಲ್ಲಿ ಸ್ಥಳೀಯ ಬಸ್ ಸೇವೆ ಬಂದದ್ದು 2017ರಲ್ಲಿ. ಸಂಕೇತವೇ ಸಿಗದ 252 ಕಿಲೋಮೀಟರ್‌ಗಳಿಗೆ 12 ಮೊಬೈಲ್ ಗೋಪುರಗಳನ್ನು ನಿಲ್ಲಿಸುವ ಯೋಜನೆ ಪ್ರಕಟವಾದದ್ದು 2021ರಲ್ಲಿ. ಅಲ್ಲಿಯ ಸಂಸತ್ತು 2023ರ ಮೇ ತಿಂಗಳಲ್ಲಿ, ವಿನಿಪೆಗ್‌ನ ಸಂಸದೆ ಲಿಯಾ ಗಜಾನ್ ತಂದ ಗೊತ್ತುವಳಿಯ ಮೇಲೆ, ಮೂಲನಿವಾಸಿ ಹೆಣ್ಣುಮಕ್ಕಳು ಕಾಣೆಯಾಗುವುದನ್ನು ರಾಷ್ಟ್ರೀಯ ತುರ್ತು ಎಂದು ಒಮ್ಮತದಿಂದ ಒಪ್ಪಿತು. ‘ರೆಡ್ ಡ್ರೆಸ್ ಅಲರ್ಟ್’ ಎಂಬ ವ್ಯವಸ್ಥೆಯ ಪ್ರಯೋಗಕ್ಕೆ ಅಲ್ಲಿಯ ಸರ್ಕಾರವು 2024ರಲ್ಲಿ ಮೂರು ವರ್ಷಗಳಿಗೆ 13 ಲಕ್ಷ ಡಾಲರ್ ಇಟ್ಟು, ಮ್ಯಾನಿಟೋಬಾ ಪ್ರಾಂತವನ್ನು ಆರಿಸಿಕೊಂಡಿತು. ಕಾಣೆಯಾದ ಹೆಣ್ಣುಮಕ್ಕಳ ನೆನಪಿಗೆಂದು ಮರದ ಕೊಂಬೆಗೆ ತೂಗುಹಾಕಿದ ಖಾಲಿ ಕೆಂಪು ಉಡುಪನ್ನು ನೀವು ಚಿತ್ರಗಳಲ್ಲಿ ನೋಡಿರಬಹುದು. ಹೆಸರು ಬಂದದ್ದು ಅದರಿಂದ. ಮ್ಯಾನಿಟೋಬಾದಲ್ಲಿ ಮೊದಲು ಕುಟುಂಬಗಳನ್ನೂ ಸಮುದಾಯಗಳನ್ನೂ ಕೇಳಿ, ನಂತರ ಯಂತ್ರವನ್ನು ಕಟ್ಟುವ ಕ್ರಮವನ್ನು ಹಿಡಿದಿದ್ದಾರೆ. ನಿಧಾನವೆಂದು ಗೊಣಗುವವರಿದ್ದಾರೆ, ಅವರ ಗೊಣಗು ನ್ಯಾಯವೇ. ಆದರೂ ಕೇಳಬೇಕಾದ ಪ್ರಶ್ನೆಗಳಿವೆ.

ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಹೊರಟ ಹೆಂಗಸನ್ನೇ ತೆಗೆದುಕೊಳ್ಳಿ. ಆಕೆ ಕಾಣೆಯಾಗಿದ್ದಾಳೆಂದು ದೂರು ಕೊಡುವವನು ಆ ಗಂಡನೇ ಇರಬಹುದು. ಆಗ ಪ್ರಾಂತದ ಪ್ರತಿಯೊಂದು ಫೋನೂ ಅವನ ಪರವಾಗಿ ಹುಡುಕಲು ಹೊರಡುತ್ತದೆ. ಸಿಕ್ಕವಳ ಫೋಟೊ ಜಾಲತಾಣಗಳಲ್ಲಿ ಎಷ್ಟು ವರ್ಷ ಉಳಿಯಬೇಕು, ನಾಳೆ ಕೆಲಸ ಕೇಳಲು ಹೋದಾಗ ಅದೇ ಫೋಟೊ ಎದುರಾದರೆ ಏನು ಗತಿ? ಪದೇ ಪದೇ ಸದ್ದು ಬಂದರೆ ಜನ ಫೋನಿನ ಆ ಸೌಲಭ್ಯವನ್ನೇ ಆರಿಸಿಬಿಡುತ್ತಾರೆ ಎಂಬ ಅಧಿಕಾರಿಗಳ ವಾದವನ್ನೂ ನಾನು ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಈ ವಾದವು ಪ್ರತಿ ಬಾರಿಯೂ ಮೂಲನಿವಾಸಿಗಳ ಸರದಿ ಬಂದಾಗಲೇ ನೆನಪಾಗುವುದು ಹೇಗೆ ಎಂದು ಕುಟುಂಬಗಳು ಕೇಳಿದರೆ ಅದಕ್ಕೆ ಉತ್ತರಿಸುವುದು ಕಷ್ಟವಾಗುತ್ತದೆ.

ಮನೆಗೆ ಮರಳುವಾಗ ನೀವು ನೋಡಬಹುದಾದ ಒಂದನ್ನು ಹೇಳಿ ನಿಲ್ಲಿಸುತ್ತೇನೆ. ನಮ್ಮ ರಾಜ್ಯದ ಸ್ಟೇಟ್ ಪಟ್ರೋಲ್ ‘ಹೋಮ್‌ವರ್ಡ್ ಬೌಂಡ್’ ಎಂಬ ಕಾರ್ಯಕ್ರಮದಡಿ ಕಾಣೆಯಾದವರ ಚಿತ್ರಗಳನ್ನು ಸರಕು ಲಾರಿಗಳ ಮೈಮೇಲೆ ಆಳೆತ್ತರಕ್ಕೂ ದೊಡ್ಡದಾಗಿ ಅಂಟಿಸುತ್ತದೆ. ಕಾಣೆಯಾದ ಮೂಲನಿವಾಸಿ ಹೆಂಗಸರ ಮುಖಗಳೂ ಹಾಗೆ ರಾಜ್ಯ ರಾಜ್ಯಗಳನ್ನು ದಾಟಿ ಹೋಗಿವೆ. ಒಂದು ಪಕ್ಕದಲ್ಲಿ ಕಾಣೆಯಾದ ಕಾಲದ ಮುಖ, ಅದರ ಬಳಿ ವಯಸ್ಸನ್ನು ಊಹಿಸಿ ಬರೆದ ಇಂದಿನ ಮುಖ, ಕೆಳಗೆ ಹೆಸರು, ಕೊನೆಯ ಬಾರಿ ಕಂಡ ತಾರೀಖು, ಒಂದು ಫೋನ್ ಸಂಖ್ಯೆ. ಲಾರಿಯ ಪಕ್ಕದ ಲೇನಿನಲ್ಲಿ ನಿಮ್ಮ ಕಾರು ಸಂಚಾರದಲ್ಲಿ ಸಿಕ್ಕಿಕೊಂಡಿದ್ದರೆ, ಆ ತಾರೀಖನ್ನು ಓದಲು ಬೇಕಾದಷ್ಟು ಸಮಯ ಸಿಗುತ್ತದೆ.